ವಾಸನೆಯಿಲ್ಲದ ಮನೆಗೆ ಒಬ್ಬ ಎತ್ತರದ ಅತಿಥಿ

ರೈಲು ಬರದೇ ಇರಬಹುದಿತ್ತು. ಬಂದರೂ ಅದರಲ್ಲಿ ಅವನು ಇಲ್ಲದಿರಬಹುದಿತ್ತು. ಇದ್ದರೂ ನಿದ್ದೆ ಹೋಗಿ, ಶಿಡ್ಲಘಟ್ಟದಲ್ಲಿ ಇಳಿಯದೆ ಚಿಂತಾಮಣಿಯ ತನಕ ಹೋಗಿಬಿಡಬಹುದಿತ್ತು. ನಮ್ಮ ಆ ಪುಟ್ಟ ರೈಲಿನ ತೂಗಾಟಕ್ಕೆ ಕಣ್ಣು ಮುಚ್ಚದವರು ಕಡಿಮೆ. ಇಳಿದರೂ ಅವನು ಕುಳ್ಳಗಿರಬಹುದಿತ್ತು. ಬಾಸ್ಕೆಟ್‌ಬಾಲ್ ಆಟಗಾರ ಎಂದು ಹೇಳಿ ಕುಳ್ಳನೊಬ್ಬನನ್ನು ಕರೆಸಿದರೆ ನಮ್ಮ ಕ್ಲಬ್ಬಿನ ಸದಸ್ಯರು ನನ್ನನ್ನು ಸುಮ್ಮನೆ ಬಿಡುವವರಲ್ಲ. ಎತ್ತರವಿದ್ದರೆ ನನ್ನ ಮನೆಯ ಬಾಗಿಲಿಗೆ ಹಣೆ ಬಡಿದುಕೊಳ್ಳಬಹುದಿತ್ತು. ಅವನಿಗೆ ಕನ್ನಡ ಬಾರದಿರಬಹುದಿತ್ತು. ಬಂದರೂ ಎರಡು ಮಾತಾಡಿ ಕೂತುಬಿಡಬಹುದಿತ್ತು, ಇಲ್ಲವೇ ಕೂರದೇ ಇರಬಹುದಿತ್ತು. ಅಧ್ಯಕ್ಷರು ಅತಿಥಿಗಿಂತ ಹೆಚ್ಚು ಹೊತ್ತು ಮಾತಾಡಬಹುದಿತ್ತು. ಇದು ಸಂದೇಹವಲ್ಲ, ಅನುಭವ. ಮೈಕು ಕಿರುಚಬಹುದಿತ್ತು. ಉಪ್ಪಿಟ್ಟು ತಳ ಹಿಡಿಯಬಹುದಿತ್ತು. ಚೆಂಡಿನ ಗಾಳಿ ಇಳಿಯಬಹುದಿತ್ತು. ಚೆಂಡು ಹಾಕಲೆಂದು ಕಮ್ಮಾರ ಬಡಿದುಕೊಟ್ಟ ಕಬ್ಬಿಣದ ಬಳೆ ಹಲಗೆ ಸಮೇತ ಕಳಚಿ ಯಾರಾದರೊಬ್ಬರ ತಲೆಯ ಮೇಲೆ, ಅದರಲ್ಲೂ ಸರ್ಕಾರಿ ತಲೆಯೊಂದರ ಮೇಲೆ, ಬೀಳಬಹುದಿತ್ತು. ಅವನ ಕಾಲು ಉಳುಕಬಹುದಿತ್ತು. ಮಳೆ ಬರಬಹುದಿತ್ತು. ನಾಯಿ ಬರಬಹುದಿತ್ತು.

ಇದನ್ನೆಲ್ಲ ನಾನು ಆ ಭಾನುವಾರಕ್ಕೆ ಎಷ್ಟೋ ಮುಂಚೆಯೇ ಯೋಚಿಸಿ ಮುಗಿಸಿದ್ದೆ. ಕೊನೆಯದೊಂದಿತ್ತು, ಅದನ್ನು ಮಾತ್ರ ಯಾರ ಮುಂದೆಯೂ ಆಡಿರಲಿಲ್ಲ. ಅವನು ಬಂದು, ಚೆನ್ನಾಗಿ ಮಾತಾಡಿ, ಎಲ್ಲರಿಂದ ಚಪ್ಪಾಳೆ ತಟ್ಟಿಸಿಕೊಂಡು, ನನ್ನ ಮನೆಯಲ್ಲಿ ರಾತ್ರಿ ಉಳಿಯದೇ ಹೊರಟುಹೋಗಬಹುದಿತ್ತು.

ಅರವತ್ತರ ದಶಕದ ನಡುವಿನ ಮಾತು. ಗೌರಿಬಿದನೂರಿನಿಂದ ವರ್ಗವಾಗಿ ಶಿಡ್ಲಘಟ್ಟದ ಹೈಸ್ಕೂಲಿಗೆ ಗಣಿತದ ಮೇಷ್ಟ್ರಾಗಿ ಬಂದು ನಾನಾಗಲೇ ಕೆಲವು ವರ್ಷ ಕಳೆದಿದ್ದೆ. ವಯಸ್ಸು ನಲವತ್ತನ್ನು ಮುಟ್ಟುವುದರಲ್ಲಿತ್ತು. ಮದುವೆಯಾಗಿರಲಿಲ್ಲ. ಹೆಣ್ಣು ನೋಡಲು ಹೋಗುವ ದಾರಿಯಲ್ಲಿ ಏನೇನು ಕೆಡಬಹುದು ಎಂದು ಎಣಿಸುತ್ತಾ ಕೂತವನಿಗೆ ಬಸ್ಸು ತಪ್ಪುತ್ತದೆ. ನನಗೆ ಅಂಥ ಬಸ್ಸುಗಳು ಹಲವು ತಪ್ಪಿದವು. ಆಮೇಲೆ ಬಸ್ಸುಗಳೇ ಈ ಕಡೆ ಬರುವುದನ್ನು ಬಿಟ್ಟವು.

ನಾನಿದ್ದದ್ದು ಒಬ್ಬ ಅಜ್ಜಿಯ ಮನೆಯ ಮುಂದಿನ ಕೋಣೆಯಲ್ಲಿ. ಒಂದೇ ಬಾಗಿಲು, ಒಳಗೆ ಒಂದೇ ದಾರಿ. ಎಡಕ್ಕೆ ತಿರುಗಿದರೆ ನನ್ನ ಕೋಣೆ, ನೇರ ಹೋದರೆ ಅವರ ಹುಳುವಿನ ಮನೆ. ಊರಿನ ಅರ್ಧ ಮನೆಗಳ ಹಾಗೆ ಅಲ್ಲಿಯೂ ರೇಷ್ಮೆ ಹುಳು ಸಾಕುತ್ತಿದ್ದರು. ಬಿದಿರು ತಟ್ಟೆಗಳ ಮೇಲೆ ಹಿಪ್ಪುನೇರಳೆ ಸೊಪ್ಪು, ಸೊಪ್ಪಿನ ಮೇಲೆ ಹುಳು. ಹುಳುವಿಗೆ ವಾಸನೆಯಾಗದು. ಬೀಡಿ, ಊದುಬತ್ತಿ, ಸೀಮೆಎಣ್ಣೆ, ಇಂಗಿನ ಒಗ್ಗರಣೆ, ಘಮಘಮಿಸುವ ತಲೆಎಣ್ಣೆ, ಯಾವುದೂ ಆಗದು. ವಾಸನೆ ಬಡಿದರೆ ಹುಳು ಸೊಪ್ಪು ಬಿಡುತ್ತದೆ, ಗೂಡು ಕಟ್ಟುವುದಿಲ್ಲ, ಬೆಳೆ ಹೋಗುತ್ತದೆ ಎಂದು ಅಲ್ಲಿನವರೆಲ್ಲ ನಂಬಿದ್ದರು. ಅಜ್ಜಿ ಬಾಡಿಗೆ ಮಾತಾಡುವ ಮೊದಲೇ ನನ್ನನ್ನು ಹತ್ತಿರಕ್ಕೆ ಕರೆದು ಮೂಸಿ ನೋಡಿದ್ದರು.

"ಬೀಡಿ ಸೇದ್ತೀಯೇನಪ್ಪ?"

"ಇಲ್ಲಮ್ಮ."

"ನಶ್ಯ?"

"ಇಲ್ಲ."

"ಹೆಂಡ್ತಿ?"

"ಅದೂ ಇಲ್ಲ."

"ಹಾಗಾದ್ರೆ ಒಗ್ಗರಣೆ ಕಾಟಾನೂ ಇಲ್ಲ. ಬಾಪ್ಪ, ಇರು."

ಹೀಗೆ ನಾನು ಒಗ್ಗರಣೆಯಿಲ್ಲದ ಸಾರು ಮಾಡಿಕೊಂಡು, ತಲೆಗೆ ನೀರು ಸವರಿಕೊಂಡು, ಯಾವ ವಾಸನೆಯೂ ಇಲ್ಲದ ಮನುಷ್ಯನಾದೆ. ಬೇರೆಯವರ ಮನೆಗೆ ಹೋದರೆ ಬಾಗಿಲಲ್ಲೇ ಆ ಮನೆಯದೊಂದು ವಾಸನೆ ಎದುರುಗೊಳ್ಳುತ್ತದಲ್ಲ, ಬೆಣ್ಣೆ ಕಾಯಿಸಿದ್ದೋ, ಮಗುವಿನ ಬಟ್ಟೆಯದೋ, ಸುಟ್ಟ ಮೆಣಸಿನಕಾಯಿಯದೋ, ನನ್ನ ಕೋಣೆಯಲ್ಲಿ ಅದು ಇರಲಿಲ್ಲ. ಬೀಗ ತೆಗೆದು ಒಳಗೆ ಹೋದರೆ ಯಾರೂ ಇಲ್ಲ ಎನ್ನುವುದು ಮೊದಲು ತಿಳಿಯುತ್ತಿದ್ದದ್ದು ಮೂಗಿಗೆ.

ಜೊತೆಗಿದ್ದದ್ದು ಸದ್ದು. ನಾಲ್ಕನೇ ಜ್ವರ ಎದ್ದ ಹುಳು (ಪೊರೆ ಕಳಚುವುದನ್ನು ಅಲ್ಲಿ ಜ್ವರ ಎನ್ನುತ್ತಾರೆ) ಹಗಲೂ ರಾತ್ರಿ ಸೊಪ್ಪು ತಿನ್ನುತ್ತದೆ. ಗೋಡೆಯ ಆಚೆಯಿಂದ ಅದು ಪರೀಕ್ಷೆಯ ಹಾಲಿನಲ್ಲಿ ಎಲ್ಲ ಮಕ್ಕಳೂ ಒಟ್ಟಿಗೆ ಹಾಳೆ ಮಗುಚುತ್ತಿರುವಂತೆ ಕೇಳುತ್ತಿತ್ತು. ಆ ಸದ್ದಿಗೆ ನನಗೆ ಒಳ್ಳೆಯ ನಿದ್ದೆ. ಆಮೇಲೆ ಹುಳು ಹಣ್ಣಾಗುತ್ತದೆ, ತಿನ್ನುವುದನ್ನು ಬಿಡುತ್ತದೆ, ಗೂಡು ಕಟ್ಟಲು ಚಂದ್ರಿಕೆಗೆ, ಅಂದರೆ ಸುರುಳಿಯಾಗಿ ಹೆಣೆದ ಬಿದಿರಿನ ತಟ್ಟಿಗೆ, ಏರುತ್ತದೆ. ಆ ದಿನಗಳಲ್ಲಿ ಮನೆ ಹೇಗೆ ಸುಮ್ಮನಾಗುತ್ತಿತ್ತೆಂದರೆ, ನನ್ನ ಉಸಿರೇ ನನಗೆ ಇನ್ನೊಬ್ಬ ಬಾಡಿಗೆದಾರನ ಉಸಿರಿನಂತೆ ಕೇಳಿಸುತ್ತಿತ್ತು.

ಊರಿನಲ್ಲಿ ಒಂದು ಸೇವಾ ಕ್ಲಬ್ಬಿತ್ತು. ಕಣ್ಣಿನ ಶಿಬಿರ, ಬಡ ಮಕ್ಕಳಿಗೆ ಪುಸ್ತಕ, ಬಸ್ ನಿಲ್ದಾಣದ ಹತ್ತಿರ ಒಂದು ನೀರಿನ ತೊಟ್ಟಿ, ಇಂಥವು. ಡಾಕ್ಟರು ಅಧ್ಯಕ್ಷರು. ಸದಸ್ಯರು ವಕೀಲರು, ರೇಷ್ಮೆಗೂಡಿನ ವ್ಯಾಪಾರಿಗಳು. ಜೊತೆಗೆ ಗೂಡಿನಿಂದ ನೂಲು ತೆಗೆಸುವ ಕಾರ್ಖಾನೆಯ ಒಬ್ಬ ಸಾಹುಕಾರರು. ಅವರಿಗೆ ಕಾರಿತ್ತು, ಬಾಯಿಯೂ ಇತ್ತು. ನನ್ನಂಥವನನ್ನು ಸೇರಿಸಿಕೊಂಡದ್ದು ವರದಿ ಬರೆಯುವ ಕಾರ್ಯದರ್ಶಿಯೊಬ್ಬ ಬೇಕಿದ್ದುದರಿಂದ. ವಾರಕ್ಕೊಮ್ಮೆ ಸಭೆ. ಉಳಿದ ದಿನಗಳ ಸಂಜೆಯಲ್ಲಿ ನನ್ನೊಡನೆ ಮಾತಾಡುತ್ತಿದ್ದವರೆಂದರೆ ಹಾಲಿನವಳು. ಅವಳೂ 'ಪಾತ್ರೆ' ಎಂದಷ್ಟೇ ಹೇಳುತ್ತಿದ್ದಳು.

ಹೈಸ್ಕೂಲಿನ ಬಯಲಿನಲ್ಲಿ ಬಾಸ್ಕೆಟ್‌ಬಾಲ್ ಅಂಕಣ ಮಾಡಿಸಬೇಕೆಂದು ಕ್ಲಬ್ಬು ತೀರ್ಮಾನಿಸಿದಾಗ, ಆ ಆಟ ಏನೆಂದು ಹೇಳಲು ಬೆಂಗಳೂರಿನ ಕಾಲೇಜೊಂದರ ತಂಡದ ನಾಯಕನನ್ನು ಕರೆಸುವುದಾಯಿತು. ಪತ್ರ ಬರೆದವನು ನಾನು. ಬರುತ್ತೇನೆ, ಆದರೆ ಸಂಜೆ ಹಿಂದಿರುಗುವುದು ಕಷ್ಟ, ರಾತ್ರಿ ಎಲ್ಲಾದರೂ ಉಳಿದು ಬೆಳಗಿನ ರೈಲಿಗೆ ಹೋಗುತ್ತೇನೆ ಎಂದು ಅವನು ಬರೆದ.

"ನಮ್ಮನೇಲಿ ಉಳ್ಕೊಳ್ಳಲಿ ಬಿಡಿ," ಅಂದರು ಡಾಕ್ಟರು.

"ಬೇಡ ಡಾಕ್ಟ್ರೇ, ನಮ್ಮನೇಲೇ ಇರ್ಲಿ," ಅಂದೆ.

ಸಭೆ ನನ್ನ ಕಡೆ ತಿರುಗಿತು. ಕಾರ್ಯದರ್ಶಿಯಾಗಿ ನಾನು ಯಾವ ಮಾತಿಗೂ 'ಬೇಡ' ಅಂದವನಲ್ಲ.

"ನಿಮ್ಮನೇಲಿ ಏನೈತೆ ಮೇಷ್ಟ್ರೇ?" ಸಾಹುಕಾರರು ಕೇಳಿದರು. "ನಾಲ್ಕು ಗೋಡೆ ಐತೆ, ನಡುವೆ ನೀವಿದ್ದೀರಿ. ಅವನು ಕಾಲು ಎಲ್ಲಿ ನೀಟ್ತಾನೆ? ಬೀದಿಗಾ?"

"ಜಾಗ ಮಾಡ್ತೀನಿ."

"ಮಾಡಿ ಮಾಡಿ. ಮದುವೇನೂ ಹಿಂಗೇ ಧೈರ್ಯವಾಗಿ ಮಾಡ್ಕೊಂಡಿದ್ರೆ ಇಷ್ಟೊತ್ತಿಗೆ ಮನೆ ತುಂಬಿರ್ತಿತ್ತು!"

ಎಲ್ಲರೂ ನಕ್ಕರು, ನಾನೂ ನಕ್ಕೆ. ನಗುವವರ ಜೊತೆ ನಕ್ಕುಬಿಡುವುದು ನನಗೆ ರೂಢಿಯಾಗಿತ್ತು. ಆದರೆ ಬಿಟ್ಟುಕೊಡಲಿಲ್ಲ. ಆ ಕೋಣೆಯಲ್ಲಿ ನಾನಲ್ಲದೆ ಇನ್ನೊಬ್ಬರು ಒಂದು ರಾತ್ರಿಯೂ ಮಲಗಿರಲಿಲ್ಲ. ದೀಪ ಆರಿಸಿದ ಮೇಲೆ ಕತ್ತಲಲ್ಲಿ ಇನ್ನೊಂದು ಹಾಸಿಗೆಯಿಂದ 'ನಿದ್ದೆ ಬಂತಾ ಸಾರ್?' ಎಂದು ಯಾರಾದರೂ ಕೇಳಬೇಕು, ನಾನು 'ಇಲ್ಲ, ಹೇಳಿ' ಅನ್ನಬೇಕು. ಬೇಕಾದದ್ದು ಇಷ್ಟೆ. ಹೇಳಲು ನಾಚಿಕೆಯಾಗುವಷ್ಟು ಸಣ್ಣದು. ಅದಕ್ಕೇ ಅಷ್ಟು ಹೆದರಿಕೆ.

ಅಜ್ಜಿಯ ಅಪ್ಪಣೆ ಕೇಳಿದೆ. ಹುಳು ಆಗ ಮೂರನೇ ಜ್ವರದಲ್ಲಿತ್ತು.

"ಬರ್ಲಿ ಬಿಡಪ್ಪ. ನಿನ್ನ ನೋಡೋಕೂ ಒಬ್ರು ಬರ್ತಾರೆ ಅಂದ್ರೆ ನಂಗೂ ಸಂತೋಷಾನೇ. ವಾಸ್ನೆ ಒಂದು ತರ್ಬಾರ್ದು ನೋಡು. ಪಟ್ಣದ ಹುಡುಗರು ತಲೇಗೆ ಏನೇನೋ ಬಳ್ಕೊಂಡಿರ್ತಾರೆ."

ಎರಡು ರಾತ್ರಿ ಯೋಚಿಸಿ ಅತಿಥಿಗೆ ಇನ್ನೊಂದು ಪತ್ರ ಬರೆದೆ. ಸೇವಾ ಕ್ಲಬ್ಬಿನ ಮುದ್ರೆಯ ಕೆಳಗೆ ಅಂಥ ಪತ್ರ ಮತ್ತೆಲ್ಲಿಯೂ ಹೋಗಿರಲಾರದು. ತಮ್ಮ ಆಗಮನವನ್ನು ಊರು ಎದುರು ನೋಡುತ್ತಿದೆ. ದಯಮಾಡಿ ತಲೆಗೆ ಸುವಾಸನೆಯ ಎಣ್ಣೆ ಹಚ್ಚಿಕೊಳ್ಳದೆ ಬರಬೇಕು. ಮನೆಯಲ್ಲಿ ಹುಳು ಇದೆ.

ಬೇರೆಯವರ ಮನೆಯಿಂದ ಹಾಸಿಗೆ ತಂದೆ. ಮಂಚದ ಕಾಲ ಕಡೆ ನನ್ನ ಟ್ರಂಕನ್ನು ಸೇರಿಸಿ, ಎತ್ತರ ಸರಿಹೋಗಲು ಅದರ ಮೇಲೆ ಮಡಿಸಿದ ಜಮಖಾನ ಹಾಕಿ, ಒಂದು ನೀಳವಾದ ಮಲಗುವ ಜಾಗ ಮಾಡಿದೆ. ನನಗೆ ಕೆಳಗೆ ಚಾಪೆ, ಹೊದಿಕೆ. ಎರಡನೇ ಲೋಟ ಕೊಂಡೆ. ಬಾಗಿಲ ತೊಲೆಗೆ ಹಳೆಯ ಬಟ್ಟೆ ಸುತ್ತಿದೆ, ಹಣೆ ಬಡಿದರೂ ಮೆತ್ತಗಿರಲಿ ಎಂದು. ಒಂದು ಚೀಲದಲ್ಲಿ ಛತ್ರಿ, ಟಾರ್ಚು, ದಾರ, ಪಿನ್ನು, ಚೆಂಡಿಗೆ ಗಾಳಿ ಹಾಕುವ ಸೈಕಲ್ ಪಂಪು, ಬ್ಯಾಂಡೇಜು, ಮತ್ತು ಕಾಲು ಉಳುಕಿದರೆ ಇರಲಿ ಎಂದು ಒಂದು ಬಾಟಲಿ ನೀಲಗಿರಿ ಎಣ್ಣೆ. ಬಾಟಲಿಯನ್ನು ಮನೆಗೆ ತರಲಿಲ್ಲ. ಅಷ್ಟು ತಿಳಿವಳಿಕೆ ನನಗಿತ್ತು. ಅಂಗಡಿಯಿಂದ ನೇರ ಸ್ಕೂಲಿಗೆ ಒಯ್ದು ಬೀರುವಿನಲ್ಲಿಟ್ಟೆ, ಸಭೆಯ ದಿನ ಅಲ್ಲಿಯೇ ಚೀಲಕ್ಕೆ ಸೇರಿಸಿದರಾಯಿತು ಎಂದು.

ಭಾನುವಾರ ರೈಲು ಬಂತು. ಅವನೂ ಬಂದ. ಡಬ್ಬಿಯ ಬಾಗಿಲಲ್ಲಿ ಮೊದಲು ಮೊಣಕಾಲು ಕಾಣಿಸಿತು, ಆಮೇಲೆ ಭುಜ, ಕೊನೆಗೆ ತಲೆ. ಎಣ್ಣೆಯಿಲ್ಲದ ಕೂದಲು ಒಣಹುಲ್ಲಿನ ಹಾಗೆ ನೆಟ್ಟಗೆ ನಿಂತಿತ್ತು.

"ಎಂತ ಪೊಡುಗುರಾ ನಾಯನಾ!" ಎಂದು ಸ್ಟೇಷನ್ನಿನಲ್ಲಿ ಕಡಲೆಕಾಯಿ ಮಾರುವವನು ಅವನ ಎತ್ತರಕ್ಕೆ ಬೆರಗಾಗಿ ತೆಲುಗಿನಲ್ಲಿ ಉದ್ಗರಿಸಿದ. ಅದು ನನಗೇ ಸಿಕ್ಕ ಬಿರುದಿನಂತೆ ಹಿಗ್ಗಿದೆ.

"ನೀವು ಹೇಳ್ದಂಗೇ ಬಂದಿದ್ದೀನಿ ಸಾರ್," ಎಂದು ಅವನು ಕೂದಲು ಮುಟ್ಟಿ ನಕ್ಕ. "ಹಾಸ್ಟೆಲ್ ಹುಡುಗರೆಲ್ಲ ನಿಮ್ಮ ಕಾಗದ ಓದಿ ಬಿದ್ದು ಬಿದ್ದು ನಕ್ಕರು. ಹುಳಾನ ನಂಗೆ ತೋರಿಸ್ತೀರಾ?"

"ಅಜ್ಜಿ ಒಪ್ಪಿದ್ರೆ ದೂರದಿಂದ ನೋಡಬಹುದು. ಊಟಕ್ಕೆ ಸಾರಿದೆ. ಒಗ್ಗರಣೆ ಇಲ್ಲ."

"ಹಾಸ್ಟೆಲ್ ಸಾರಿಗೂ ಇರಲ್ಲ ಬಿಡಿ ಸಾರ್. ರಾತ್ರಿ ಕೂತು ಮಾತಾಡಣ. ನಂಗೆ ಗಣಿತ ಅಂದ್ರೆ ಭಯ, ಅದೇನು ಅಂತ ಹೇಳಿ."

ರಾತ್ರಿ ಕೂತು ಮಾತಾಡಣ. ಸ್ಟೇಷನ್ನಿನಿಂದ ಸ್ಕೂಲಿನ ತನಕ ಈ ಮಾತನ್ನು ಮನಸ್ಸಿನಲ್ಲಿ ಹಿಡಿದುಕೊಂಡು ನಡೆದೆ, ತುಂಬಿದ ಕೊಡ ಹಿಡಿದವನ ಹಾಗೆ.

ಸಭೆ ಚೆನ್ನಾಗಿ ನಡೆಯಿತು. ಮೈಕು ಕಿರುಚಲಿಲ್ಲ. ಅಧ್ಯಕ್ಷರು ಗಂಟಲು ಕೆಟ್ಟಿದ್ದರಿಂದ ಬೇಗ ಮುಗಿಸಿದರು. ಅತಿಥಿ ಒಳ್ಳೆಯ ಕನ್ನಡದಲ್ಲಿ ಮಾತಾಡಿದ. ಎಲ್ಲರೂ ಒಟ್ಟಿಗೆ ಓಡುವ ಆಟ ಇದು, ಆದರೆ ಎದುರಾಳಿ ತಪ್ಪು ಮಾಡಿದಾಗ ಒಬ್ಬನನ್ನೇ ಗೆರೆಯ ಮೇಲೆ ನಿಲ್ಲಿಸಿ ಚೆಂಡು ಕೊಡುತ್ತಾರೆ, ಉಳಿದವರೆಲ್ಲ ಪಕ್ಕದಲ್ಲಿ ಸುಮ್ಮನೆ ನಿಂತು ನೋಡುತ್ತಾರೆ, ಅದಕ್ಕಿಂತ ಕಷ್ಟದ ಹೊತ್ತು ಆಟದಲ್ಲಿ ಬೇರೆ ಇಲ್ಲ ಎಂದ. ನಾನು ವರದಿಯಲ್ಲಿ ಅದನ್ನು ಬರೆದುಕೊಳ್ಳುವುದನ್ನು ಮರೆತು ಅವನನ್ನೇ ನೋಡುತ್ತಿದ್ದೆ.

ಸಾಹುಕಾರರು ಎದ್ದರು. "ಒಂದು ಪ್ರಶ್ನೆ. ನೀವೋ ತೆಂಗಿನಮರ ಇದ್ದಂಗಿದ್ದೀರಿ. ಬಳೆ ಒಳಕ್ಕೆ ಚೆಂಡು ಇಡೋದ್ರಲ್ಲಿ ನಿಮ್ಮ ಹೆಚ್ಚುಗಾರಿಕೆ ಏನು ಬಂತು?"

"ಬನ್ನಿ ಸಾರ್, ತೋರಿಸ್ತೀನಿ."

ಸಭೆಯೆಲ್ಲ ಬಯಲಿಗೆ, ಸದ್ಯಕ್ಕೆಂದು ಕಂಬಕ್ಕೆ ಹೊಡೆಸಿದ್ದ ಬಳೆಯ ಹತ್ತಿರ ಹೋಯಿತು. ಸಾಹುಕಾರರು ಪಂಚೆ ಎತ್ತಿ ಕಟ್ಟಿ ಎಸೆದ ಚೆಂಡು ಹುಣಿಸೇಮರದ ಕಡೆ ಹೋಯಿತು. "ಏಮಯ್ಯಾ, ಗೂಡು ಹರಾಜಲ್ಲಿ ಕೈ ಎತ್ತಿದಷ್ಟು ಸುಲಭ ಅನ್ಕೊಂಡೆಯಾ?" ಎಂದು ಒಬ್ಬ ಗೂಡಿನ ವ್ಯಾಪಾರಿ ಕೂಗಿದರು. ಅತಿಥಿ ದೂರದಿಂದಲೇ ಹಾಕಿದ. ಬಳೆ ಅಲುಗಲೂ ಇಲ್ಲ, ಬೀಳಲೂ ಇಲ್ಲ. ಮತ್ತೆ ಓಡಿಬಂದು ಹಾರಿ ಹಾಕಿದ. ಇಳಿಯುವಾಗ ಕಾಲಡಿಗೆ ಒಂದು ಕಲ್ಲು ಸಿಕ್ಕಿ ಒಂದು ಹೆಜ್ಜೆ ತೂರಾಡಿದ, ಮೊಣಕಾಲನ್ನು ಒಮ್ಮೆ ಮುಟ್ಟಿಕೊಂಡ.

ನಾನು ಅಷ್ಟರಲ್ಲಿ ಚೀಲದ ಸಮೇತ ಅವನ ಮುಂದಿದ್ದೆ.

"ಏನೂ ಆಗಿಲ್ಲ ಸಾರ್."

"ಈಗ ಗೊತ್ತಾಗಲ್ಲ. ರಾತ್ರಿ ಊದ್ಕೊಳ್ಳುತ್ತೆ. ಕೂತ್ಕೊಳ್ಳಿ."

ಕುರ್ಚಿ ತರಿಸಿ ಕೂರಿಸಿದೆ. ಬಾಟಲಿಯ ಬಿರಡೆ ತೆಗೆದು ಅಂಗೈಗೆ ಸುರಿದುಕೊಂಡು ತಿಕ್ಕಿದೆ. ಮೊಣಕಾಲು, ಮೀನಖಂಡ, ಪಾದದ ಗಂಟು, ಇರಲಿ ಎಂದು ಇನ್ನೊಂದು ಕಾಲೂ.

"ಮೇಷ್ಟ್ರು ಆಸ್ಪತ್ರೇನೇ ಹೊತ್ಕೊಂಡು ಬಂದವ್ರಲ್ಲಪ್ಪ!" ಎಂದು ಸಾಹುಕಾರರು ಅಂದರು. "ಡಾಕ್ಟ್ರೇ, ಇನ್ನು ನೀವು ಅಂಗಡಿ ಮುಚ್ಚಿ."

ಡಾಕ್ಟರೂ ಬಗ್ಗಿ ನೋಡಿ, "ಪರವಾಗಿಲ್ಲ, ಮೇಷ್ಟ್ರು ಮುಂಜಾಗ್ರತೆ ಮನುಷ್ಯ," ಅಂದರು. ಇಷ್ಟು ವರ್ಷ ಒಂದಕ್ಕೂ ಬಾರದ ನನ್ನ ಚಿಂತೆಗೆ ಅಂದು ಮೊದಲ ಸಲ ಒಂದು ಮೊಣಕಾಲು ಸಿಕ್ಕಿತ್ತು. ಜನ ನೋಡುತ್ತಿದ್ದರು. ಇನ್ನಷ್ಟು ಸುರಿದು ತಿಕ್ಕಿದೆ.

ಬಿಸಿಲು ಇಳಿಯುತ್ತಿದ್ದಾಗ ನಾವಿಬ್ಬರೂ ಮನೆಯ ಕಡೆ ನಡೆದೆವು. ಸಾಹುಕಾರರು ಕಾರಿನಲ್ಲಿ ಹಿಂದೆಯೇ ಬಂದರು. ಚಿಕ್ಕಬಳ್ಳಾಪುರದಲ್ಲಿದ್ದ ಬೀಗರ ಮನೆಗೆ ಹೊರಟಿದ್ದವರು, ಅತಿಥಿಯ ಚೀಲವನ್ನು ನಮ್ಮ ಬಾಗಿಲಿಗೆ ಇಳಿಸಿ ಹೋಗುವುದೆಂದು. ಬೀದಿಗೆ ತಿರುಗಿದಾಗ ಮನೆಯ ಮುಂದೆ ಚಂದ್ರಿಕೆಗಳನ್ನು ಒರಗಿಸಿದ್ದು ಕಂಡಿತು. ಪಕ್ಕದ ಮನೆಯ ಹೆಂಗಸರು ಒಳಗೆ ಹೊರಗೆ ಓಡಾಡುತ್ತಿದ್ದರು. ಬೆಳಿಗ್ಗೆ ನಾನು ಹೊರಟಾಗ ಸೊಪ್ಪು ತಿನ್ನುತ್ತಿದ್ದ ಹುಳು ಮಧ್ಯಾಹ್ನಕ್ಕೆ ಹಣ್ಣಾಗಿತ್ತು. ಒಂದು ತಿಂಗಳ ದುಡಿಮೆ ಉಳಿಯುವುದೋ ಹೋಗುವುದೋ ತೀರ್ಮಾನವಾಗುವ ಹೊತ್ತು ಅದು.

ನಾವು ಬಾಗಿಲಿಗೆ ಇನ್ನೂ ದೂರವಿದ್ದೆವು. ಅಜ್ಜಿ ಹೊಸ್ತಿಲ ಮೇಲೆ ಬಂದು ಕೈ ಅಡ್ಡ ಹಿಡಿದರು.

"ನಿಲ್ಲಪ್ಪ! ಅಲ್ಲೇ ನಿಂತ್ಕೋ. ಏನದು ವಾಸ್ನೆ?"

ಆಗ ನನಗೆ ಗೊತ್ತಾಯಿತು. ಗಾಳಿ ನಮ್ಮ ಬೆನ್ನ ಹಿಂದಿನಿಂದ ಬೀಸುತ್ತಿತ್ತು.

"ನೀಲಗಿರಿ ಎಣ್ಣೆ ಅಮ್ಮ. ಕಾಲು ನೋವಿಗೆ."

"ಅಯ್ಯೋ ನಿನ್ನ! ಹುಳ ಚಂದ್ರಿಕೆ ಹತ್ತೋ ಹೊತ್ತು ಕಣಪ್ಪ ಇದು! ಈ ಘಾಟು ಒಳಕ್ಕೆ ಬಂದ್ರೆ ಒಂದು ಗೂಡೂ ಕಟ್ಟಲ್ಲ. ಯಾರಪ್ಪ ಬಳಿದಿದ್ದು ಅದನ್ನ?"

"ನಾನೇ."

ಅಜ್ಜಿ ನನ್ನನ್ನು ನೋಡಿದರು. ಆಮೇಲೆ ಆ ಹುಡುಗನನ್ನು ಕೆಳಗಿಂದ ಮೇಲಿನ ತನಕ ನೋಡಿದರು. ಮುಖ ಮೆತ್ತಗಾಯಿತು, ಕೈ ಇಳಿಯಲಿಲ್ಲ.

"ಬೇಜಾರು ಮಾಡ್ಕೋಬೇಡ ಮಗಾ. ಬೇರೆ ದಿನ ಆಗಿದ್ರೆ ನಾನೇ ಕೂರಿಸಿ ಮುದ್ದೆ ಇಕ್ತಿದ್ದೆ. ಇವತ್ತು ಮಾತ್ರ ಆಗಲ್ಲ. ಬೀದೀಲೇ ನಿಂತ್ಕೋ, ಬೆಲ್ಲ ನೀರು ಕಳಿಸ್ತೀನಿ."

"ಸೋಪು ಹಾಕಿ ತೊಳ್ಕೊಂಡ್ರೆ?" ಎಂದೆ.

"ಸೋಪೂ ವಾಸ್ನೆನೇ ಅಲ್ಲವೇನಪ್ಪ? ಮೇಷ್ಟ್ರಾಗಿ ಅಷ್ಟೂ ಗೊತ್ತಾಗಲ್ವಾ?"

ಸಾಹುಕಾರರು ಕಾರಿನ ಕಿಟಕಿಯಿಂದ ಎಲ್ಲ ನೋಡುತ್ತಿದ್ದರು. ಹುಳುವಿನ ವ್ಯವಹಾರದಲ್ಲೇ ಬೆಳೆದವರು, ಹಾಗಾಗಿ ನಗಲಿಲ್ಲ. "ಅಮ್ಮ ಹೇಳೋದು ಸರಿ," ಅಂದರು. "ಬನ್ನಿ, ಚಿಕ್ಕಬಳ್ಳಾಪುರದಲ್ಲಿ ಬೆಂಗಳೂರು ಬಸ್ಸಿಗೆ ಹತ್ತಿಸ್ತೀನಿ. ಮೇಷ್ಟ್ರೇ, ನೀವೂ ಬನ್ನಿ ಬೇಕಾದ್ರೆ."

ಡಾಕ್ಟರ ಮನೆಯೂ ಇತ್ತು. ಅವನನ್ನು ಅಲ್ಲಿಗೆ ಕರೆದೊಯ್ಯಬಹುದಿತ್ತು. ಆದರೆ ಅಷ್ಟು ಹೊತ್ತಿಗೆ ಅವನು ಕಾರಿನ ಹತ್ತಿರ ಹೋಗಿಯಾಗಿತ್ತು. ನನಗೂ, ಬೇರೆಯವರ ಮನೆಯಲ್ಲಿ ಅವನು ಕಾಲು ನೀಡಿ ಮಲಗುವುದನ್ನು ಊಹಿಸಿಕೊಳ್ಳಲು ಮನಸ್ಸಿರಲಿಲ್ಲ.

"ನಾಳೆ ಪಾಠ ಇದೆ, ನೀವು ಹೊರಡಿ," ಎಂದೆ.

ಅವನು ಬಗ್ಗಿ, ಮಡಚಿಕೊಂಡು, ಹಿಂದಿನ ಸೀಟಿನಲ್ಲಿ ಕೂತ. ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು. "ಇನ್ನೊಂದು ಸಲ ಬರ್ತೀನಿ ಸಾರ್. ಗಣಿತ ಬಾಕಿ ಇದೆ," ಎಂದ. ಬಂದರೂ ಬರಬಹುದಿತ್ತು, ಆದರೆ ಬರಲಿಲ್ಲ. ಕಾಲೇಜು ಮುಗಿಸಿ ಬೇರೆಲ್ಲೋ ಹೋದನಂತೆ. ಅದು ಅವನ ತಪ್ಪೂ ಅಲ್ಲ.

ಕಾರು ಹೊರಡುವ ಮುಂಚೆ ಕಾಲು ಹೇಗಿದೆ ಎಂದು ಕೇಳಿದೆ. ಅದೊಂದಾದರೂ ಸಾರ್ಥಕವಾಗಲಿ ಎಂದಿರಬೇಕು. ಅವನು ಸ್ವಲ್ಪ ಹಿಂದೆ ಮುಂದೆ ನೋಡಿದ.

"ನೋವಿರಲಿಲ್ಲ ಸಾರ್. ಆಗ್ಲೇ ಹೇಳ್ದೆ. ನೀವು ಅಷ್ಟು ಅಕ್ಕರೆಯಿಂದ ತಿಕ್ತಾ ಇದ್ರಿ, ಬೇಡ ಅನ್ನೋಕೆ ಬಾಯಿ ಬರಲಿಲ್ಲ."

ಕಾರು ಹೋದ ಮೇಲೆ ನಾನು ಬಾಗಿಲ ಕಡೆ ತಿರುಗಿದೆ. ಅಜ್ಜಿಯ ಕೈ ಇನ್ನೂ ಅಡ್ಡ ಇತ್ತು.

"ನೀನೂ ಅಲ್ಲೇ ಇರಪ್ಪ. ನಿನ್ನ ಕೈ ಅವನ ಕಾಲಿಗಿಂತ ಜಾಸ್ತಿ ನಾರ್ತಾ ಐತೆ."

ಬೀದಿಯಾಚೆಯ ಮನೆಯ ಜಗಲಿ ತೋರಿಸಿದರು. ಅಲ್ಲಿಗೇ ಮುದ್ದೆ, ಸೊಪ್ಪಿನ ಸಾರು ಬಂತು. ಬೂದಿ ಹಾಕಿ ತಿಕ್ಕಿದೆ, ಹುಣಿಸೇಹಣ್ಣು ಹಾಕಿ ತಿಕ್ಕಿದೆ. ವಾಸನೆ ಅಂಗೈಯನ್ನು ಬಿಡಲೊಲ್ಲದು. ವರ್ಷಗಟ್ಟಲೆ ವಾಸನೆಯೇ ಇಲ್ಲದೆ ಬದುಕಿದವನಿಗೆ ಕೊನೆಗೂ ಒಂದು ವಾಸನೆ ಬಂದಿತ್ತು. ಎದುರಿಗೆ ನನ್ನ ಕೋಣೆಯ ಕಿಟಕಿ. ಒಳಗೆ ಟ್ರಂಕು ಸೇರಿಸಿ ನೀಳ ಮಾಡಿದ ಹಾಸಿಗೆ, ಕೆಳಗೆ ಚಾಪೆ, ಬೋರಲು ಹಾಕಿದ ಎರಡು ಲೋಟ. ಎರಡು ಹಾಸಿಗೆ ಹಾಸಿದ ಆ ಒಂದೇ ದಿನ ಕೋಣೆಯಲ್ಲಿ ಒಬ್ಬರೂ ಮಲಗಲಿಲ್ಲ. ಹುಳುವೂ ಸುಮ್ಮನಾಗಿತ್ತು.

ಅಜ್ಜಿಯ ಬೆಳೆ ಚೆನ್ನಾಗಿ ಬಂತು. ಅಂಕಣವೂ ಆಯಿತು, ಮಕ್ಕಳು ಆಡಿದರು. ಕಮ್ಮಾರನ ಬಳೆ ನಾನು ಆ ಊರು ಬಿಡುವ ತನಕ ಗಟ್ಟಿಯಾಗಿತ್ತು. ರೈಲು ಬಂತು, ಮಳೆ ಬರಲಿಲ್ಲ, ಉಪ್ಪಿಟ್ಟು ತಳ ಹಿಡಿಯಲಿಲ್ಲ, ನಾಯಿ ಬಂದರೂ ಸುಮ್ಮನೆ ಕೂತು ಭಾಷಣ ಕೇಳಿತು. ಬಾಗಿಲ ತೊಲೆಗೆ ಸುತ್ತಿದ ಬಟ್ಟೆಗೆ ಯಾರ ಹಣೆಯೂ ತಾಗಲಿಲ್ಲ. ಕೆಟ್ಟದ್ದು ಒಂದೇ: ನೋಯದ ಮೊಣಕಾಲಿಗೆ ಒಂದಿಷ್ಟು ನೀಲಗಿರಿ ಎಣ್ಣೆ.